ಅಪ್ಪ ಕಟ್ಟಿದ ಗೋಡೆಯಲ್ಲಿ ಬುದ್ಧ

ನಮ್ಮ ಊರು ದೇವದುರ್ಗ ತಾಲೂಕಿನದು. ಕೃಷ್ಣಾ ನದಿಯ ದಂಡೆಗೆ ಹತ್ತಿರ. ಊರಿನ ಈಶ್ವರ ಗುಡಿಗೆ ಸುತ್ತಲೂ ಕಲ್ಲಿನ ಪೌಳಿ ಗೋಡೆ ಇದೆ. ಪಡುವಣ ದಿಕ್ಕಿನ, ಅಂದರೆ ಗುಡಿಯ ಬೆನ್ನಿಗಿರುವ ಗೋಡೆಯ ಹೊರಮೈಯಲ್ಲಿ, ಎದೆಯೆತ್ತರಕ್ಕೆ, ಐದು ಬಿಳಿಗಲ್ಲುಗಳನ್ನು ಕೂಡಿಸಲಾಗಿದೆ. ಉಳಿದ ಗೋಡೆಯೆಲ್ಲ ಕರಿಗಲ್ಲು. ಆ ಗೋಡೆಯನ್ನು ಕಟ್ಟಿದವನು ನನ್ನ ತಂದೆ.

ಗುಡಿಯ ಒಳಗೆ ಹೋಗುವ ಪದ್ಧತಿ ನಮ್ಮ ಕೇರಿಯವರಿಗೆ ಇರಲಿಲ್ಲ. ಇದನ್ನು ದೂರಿನ ಮಾತಾಗಿ ಬರೆಯುತ್ತಿಲ್ಲ. ಮುಂದಿನದು ಅರ್ಥವಾಗಬೇಕಾದರೆ ಇದು ತಿಳಿದಿರಬೇಕು. ಪೌಳಿ ಬಿದ್ದ ವರ್ಷ ಊರ ಗೌಡರು ಅಪ್ಪನನ್ನು ಕರೆಸಿದರು. ಗೋಡೆ ಏಳುವವರೆಗೆ ಅಪ್ಪ ಒಳಗೂ ಹೊರಗೂ ಓಡಾಡಿದ. ಕೊನೆಯ ಕಲ್ಲು ಕೂಡಿಸಿದ ದಿನ ಗೋಮೂತ್ರ ಚಿಮುಕಿಸಿ ಗುಡಿಯನ್ನು ಶುದ್ಧ ಮಾಡಿದರು. ಅಂದಿನಿಂದ ಅಪ್ಪನಿಗೆ ತಾನು ಕಟ್ಟಿದ ಗೋಡೆಯ ಹೊರಮೈ ಮಾತ್ರ ಉಳಿಯಿತು. ನಾನು ಆಗ ಇನ್ನೂ ಹುಟ್ಟಿರಲಿಲ್ಲ.

ಬಿಳಿಗಲ್ಲುಗಳು ಬಂದದ್ದು ನದಿಯ ಕಡೆಗಿದ್ದ ಒಂದು ಹಾಳು ದಿಬ್ಬದಿಂದ. ಆ ದಿಬ್ಬವನ್ನು ಅಗೆದರೆ ಬಿಳಿಯ ಹಾಸುಗಲ್ಲುಗಳು ಸಿಗುತ್ತಿದ್ದವು. ಅವು ಸುಟ್ಟರೆ ಒಳ್ಳೆಯ ಸುಣ್ಣವಾಗುತ್ತಿದ್ದುದರಿಂದ ಊರವರು ವರ್ಷಗಟ್ಟಲೆ ಅವನ್ನು ಒಡೆದು ಭಟ್ಟಿಗೆ ಹಾಕಿದ್ದರು. ಪೌಳಿಯ ಗಚ್ಚಿಗೂ ಅದೇ ಸುಣ್ಣ. ಭಟ್ಟಿಯ ಮುಂದೆ ಒಡೆಯಲು ಒಟ್ಟಿದ್ದ ರಾಶಿಯಲ್ಲಿ ಅಪ್ಪನಿಗೆ ಕೆತ್ತನೆಯಿದ್ದ ಐದು ಕಲ್ಲುಗಳು ಕಂಡವು. ಗೋಡೆಗೆ ಕಲ್ಲು ಸಾಲುತ್ತಿಲ್ಲವೆಂದು ಗೌಡರಿಗೆ ಹೇಳಿ, ಅವನ್ನು ಎಳೆದುಕೊಂಡು ಬಂದು ಗೋಡೆಗೆ ಕೂಡಿಸಿಬಿಟ್ಟ. ಕಲ್ಲು ಸಾಲುತ್ತಿಲ್ಲವೆಂಬುದು ಸುಳ್ಳಾಗಿತ್ತು. ಅಪ್ಪ ಹೇಳಿದ ಸುಳ್ಳುಗಳಲ್ಲಿ ನನಗೆ ಗೊತ್ತಿರುವುದು ಅದೊಂದೇ.

ಕೂಡಿಸುವಾಗ ಅಪ್ಪ ಕಸುಬಿನ ನಿಯಮವನ್ನು ಪಾಲಿಸಿದ. ಎಲ್ಲಕ್ಕಿಂತ ದಪ್ಪವೂ ಭಾರವೂ ಆದ ಕಲ್ಲು ನೈಋತ್ಯ ಮೂಲೆಗೆ. ಅಲ್ಲಿಂದ ಉತ್ತರಕ್ಕೆ ಹೋದಂತೆ ತೆಳ್ಳಗಿನವು. ಮೂಲೆಯ ಕಲ್ಲಿನಲ್ಲಿ ಒಂದು ದುಂಡನೆಯ ಗುಡ್ಡ, ಅದಕ್ಕೆ ಕೈಮುಗಿದ ಜನ. ಎರಡನೆಯದರಲ್ಲಿ ಕಂಬದ ಮೇಲೊಂದು ಗಾಲಿ. ಮೂರನೆಯದರಲ್ಲಿ ಮರ, ಮರದ ಕೆಳಗೆ ಯಾರೂ ಕುಳಿತಿರದ ಕಟ್ಟೆ, ಕಟ್ಟೆಯ ಮುಂದೆ ಎರಡು ಪಾದ. ನಾಲ್ಕನೆಯದರಲ್ಲಿ ಬರಿಬೆನ್ನಿನ ಕುದುರೆ. ಪಕ್ಕದಲ್ಲಿ ನಿಂತು ಯಾರೋ ಅದರ ಮೇಲೆ ಕೊಡೆ ಹಿಡಿದಿದ್ದಾರೆ, ಗೊರಸುಗಳ ಕೆಳಗೆ ಕುಳ್ಳರು ಅಂಗೈ ಒಡ್ಡಿದ್ದಾರೆ. ಐದನೆಯದು, ಎಲ್ಲಕ್ಕಿಂತ ತೆಳ್ಳಗಿನದು, ಮರದ ಟೊಂಗೆ ಹಿಡಿದು ನಿಂತ ಒಬ್ಬ ಹೆಣ್ಣುಮಗಳು.

ಗುಡಿಯನ್ನು ಬಲಕ್ಕಿಟ್ಟುಕೊಂಡು ಸುತ್ತುವವರಿಗೆ ಈ ಕಲ್ಲುಗಳು ಕಾಣುವುದು ಇದೇ ಕ್ರಮದಲ್ಲಿ. ನಮ್ಮ ಕೇರಿ ಗುಡಿಯ ವಾಯವ್ಯಕ್ಕೆ, ಮಸಣ ದಕ್ಷಿಣಕ್ಕೆ. ಗುಡಿಯನ್ನು ಎಡಕ್ಕೆ ಬಿಟ್ಟು ಆ ಗೋಡೆಗುಂಟ ದಕ್ಷಿಣಕ್ಕೆ ನಡೆಯುವುದು ಹೆಣ ಹೊತ್ತಾಗ ಮಾತ್ರ. ಬೇರೆ ದಿನ ಯಾರೂ ಆ ಕಡೆ ಹಾಗೆ ಹೆಜ್ಜೆ ಇಡುತ್ತಿರಲಿಲ್ಲ. ಚಿಕ್ಕ ಮಕ್ಕಳಿಗೂ ಇದು ಗೊತ್ತಿತ್ತು.

ಅಮಾವಾಸ್ಯೆಯ ದಿನ ನಮ್ಮಲ್ಲಿ ಚಾಣ, ಸುತ್ತಿಗೆ ಮುಟ್ಟುವುದಿಲ್ಲ. ಆ ದಿನ ಕೇರಿಯವರು ಪೌಳಿಯ ಹೊರಗಿನಿಂದ ಒಂದು ಸುತ್ತು ಹಾಕುತ್ತಿದ್ದರು. ಹಿಂಗೋಡೆಗೆ ಬಂದಾಗ ಅಪ್ಪ ಮುಂದೆ ನಿಂತು ಕಲ್ಲಿನಿಂದ ಕಲ್ಲಿಗೆ ಕತೆ ಹೇಳುತ್ತಿದ್ದ. ಯಾರೂ ಅವನಿಗೆ ಆ ಕತೆಯನ್ನು ಕಲಿಸಿರಲಿಲ್ಲ. ಕಲ್ಲುಗಳನ್ನು ನೋಡಿ ನೋಡಿ ತಾನೇ ಕಟ್ಟಿಕೊಂಡದ್ದು.

“ಒಬ್ಬ ದೊಡ್ಡ ಮನಿಶಾ ಸತ್ತ. ಜನ ಅವನ ಮ್ಯಾಲ ಮಣ್ಣ ಹಾಕಿ ಗುಡ್ಡ ಮಾಡಿದ್ರು. ಆದ್ರ ಅವನು ಗುಡ್ಡದಾಗ ನಿಲ್ಲವಲ್ಲ. ಗಾಲಿಯಾಗಿ ಉಳ್ಳಿಕೋತ ಹೊಂಟ. ಉಳ್ಳಿ ಉಳ್ಳಿ ದಣಿದು ಈ ಗಿಡದ ಬುಡಕ ಕುಂತ. ನೋಡ್ರಿ, ಪಾದ ಅದಾವ, ಮನಿಶಾ ಇಲ್ಲ. ಎದ್ದು ಹೋಗ್ಯಾನ. ಅವನ ಕುದುರಿ ಅವನ್ನ ಹುಡಿಕ್ಕೋತ ಬಂತು. ಊರು ಏಳಬಾರದಂತ ಈ ಗಿಡ್ಡರು ಗೊರಸು ಹಿಡಿದಾರ. ಎಲ್ಲೀಗಿ ಹೊಂಟದ ಕುದುರಿ? ಅಕಾ, ಅಲ್ಲಿ. ಅವರವ್ವ ನಿಂತಾಳ. ಟೊಂಗಿ ಹಿಡಕೊಂಡು ಹಾದಿ ಕಾಯಾಕತ್ತಾಳ.”

ಅಲ್ಲಿಗೆ ಕತೆ ಮುಗಿಯುತ್ತಿತ್ತು. ಹೆಣ್ಣುಮಕ್ಕಳು ಕೊನೆಯ ಕಲ್ಲಿಗೆ ಅರಿಸಿನ ಹಚ್ಚಿ ಮನೆಗೆ ಹೋಗುತ್ತಿದ್ದರು. ನಮ್ಮ ಕೇರಿಯಲ್ಲಿ ಅಪ್ಪನಿಗಿದ್ದ ಗೌರವವೆಲ್ಲ ಆ ಗೋಡೆಯಿಂದ ಬಂದದ್ದು. ಅವನು ಕಟ್ಟಿದ ಬೇರೆ ಗೋಡೆಗಳು ಬಹಳ ಇದ್ದವು. ಅವುಗಳಿಗೆ ಮಾಲೀಕರ ಹೆಸರಿತ್ತು. ಇದೊಂದನ್ನು ಮಾತ್ರ ಕೇರಿಯವರು ಅಪ್ಪನ ಹೆಸರಿನಿಂದ ಕರೆಯುತ್ತಿದ್ದರು.

ನಮ್ಮ ಮನೆತನದಲ್ಲಿ ಅಕ್ಷರ ಕಲಿತವರಲ್ಲಿ ನಾನು ಮೊದಲನೆಯವನು. ರಾಯಚೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಶಾಲೆ ಮುಗಿಸಿ, ಆಗ ನಮ್ಮ ಸೀಮೆಗೆ ರಾಜಧಾನಿಯಾಗಿದ್ದ ಹೈದರಾಬಾದಿಗೆ ಹೋಗಿ ಉರ್ದು ಮಾಧ್ಯಮದಲ್ಲಿ ಬಿ.ಎ. ಓದಿದೆ. ಅಲ್ಲಿ ಒಂದು ದಿನ ಇತಿಹಾಸದ ತರಗತಿಯಲ್ಲಿ ಅಧ್ಯಾಪಕರು ಹಳೆಯ ಶಿಲ್ಪವೊಂದರ ಛಾಯಾಚಿತ್ರವನ್ನು ಕೈಯಿಂದ ಕೈಗೆ ಕಳುಹಿಸಿದರು. ಕಂಬದ ಮೇಲಿನ ಗಾಲಿ. ನಾನು ಅದುವರೆಗೆ ತರಗತಿಯಲ್ಲಿ ಬಾಯಿ ತೆರೆದವನಲ್ಲ. ಗಾಲಿಯನ್ನು ಕಂಡದ್ದೇ ಎದ್ದು ನಿಂತುಬಿಟ್ಟೆ. ಇದು ನಮ್ಮೂರಿನಲ್ಲಿಯೂ ಇದೆ ಎಂದು ಅಪ್ಪನ ಕತೆಯನ್ನು, ಗುಡ್ಡದಿಂದ ತಾಯಿಯವರೆಗೆ, ನನಗೆ ಬಂದ ಉರ್ದುವಿನಲ್ಲಿ ಹೇಳಿದೆ.

ಅಧ್ಯಾಪಕರು ಒಳ್ಳೆಯವರು. ಅವರು ನಗಲಿಲ್ಲ. “ಇವು ಬುದ್ಧನ ಜೀವನದ ಶಿಲ್ಪಗಳು,” ಎಂದರು. “ಮರದ ಟೊಂಗೆ ಹಿಡಿದವಳು ತಾಯಿ ಮಾಯಾದೇವಿ, ಅದು ಜನನ. ಬರಿಬೆನ್ನಿನ ಕುದುರೆ, ಮನೆ ಬಿಟ್ಟು ಹೋದದ್ದು. ಮರದ ಕೆಳಗಿನ ಕಟ್ಟೆ, ಜ್ಞಾನೋದಯ. ಗಾಲಿ, ಮೊದಲ ಉಪದೇಶ. ಗುಡ್ಡವೆಂದರೆ ಸ್ತೂಪ, ಅದು ನಿರ್ವಾಣ. ಬುದ್ಧನ ಆಕೃತಿಯನ್ನು ಆ ಕಾಲದವರು ಕೆತ್ತುತ್ತಿರಲಿಲ್ಲ. ಆದ್ದರಿಂದ ಕಟ್ಟೆ ಬರಿದಾಗಿದೆ. ನಿಮ್ಮ ಊರಿನಲ್ಲಿ ಜನರು ಸತ್ತ ಮೇಲೆ ಹುಟ್ಟುತ್ತಾರೆಯೇ?”

ಆಗ ತರಗತಿ ನಕ್ಕಿತು. ಆ ನಗೆಯಲ್ಲಿ ದ್ವೇಷವಿರಲಿಲ್ಲವೆಂಬುದು ಈಗ ತಿಳಿಯುತ್ತದೆ. ಆ ದಿನ ತಿಳಿಯಲಿಲ್ಲ. ಅಂದಿನಿಂದ ಯಾವ ಮಾತನ್ನಾದರೂ ಮೊದಲು ಮನಸ್ಸಿನಲ್ಲಿ ಎರಡು ಸಲ ತಿದ್ದಿ ಆಮೇಲೆ ಆಡುವುದು ನನಗೆ ರೂಢಿಯಾಯಿತು. ಗ್ರಂಥಾಲಯದಲ್ಲಿ ಬುದ್ಧನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಅಪ್ಪ ಗೋಡೆಗೆ ಕೂಡಿಸಿದ ಕ್ರಮ ತಲೆಕೆಳಗಾಗಿತ್ತು. ಆದರೆ ಒಂದು ಕಡೆ ಓದುತ್ತಿದ್ದ ನನ್ನ ಬೆರಳು ನಿಂತುಬಿಟ್ಟಿತು. ರಾಜಕುಮಾರನು ಹೊರಟಾಗ ಊರು ಎಚ್ಚರವಾಗದಿರಲೆಂದು ಕುದುರೆಯ ಗೊರಸುಗಳನ್ನು ಯಕ್ಷರು ಅಂಗೈಗಳ ಮೇಲೆ ಹೊತ್ತರೆಂದು ಅಲ್ಲಿ ಬರೆದಿತ್ತು. ಅದನ್ನು ಅಪ್ಪ ಯಾವ ಪುಸ್ತಕವನ್ನೂ ಓದದೆ ಹೇಳಿದ್ದ.

ರಜೆಗೆ ಊರಿಗೆ ಹೋದಾಗ ಈ ಯಾವುದನ್ನೂ ಅಪ್ಪನಿಗೆ ಹೇಳಲಿಲ್ಲ. ಹೇಳಿದರೆ ಅವನ ಮನಸ್ಸು ನೋಯುವುದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಮಾವಾಸ್ಯೆಯ ದಿನ ಸುತ್ತು ಹಾಕುವುದನ್ನು ಮಾತ್ರ ಬಿಟ್ಟೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನನಗೆ ಮಾನ್ವಿಯ ಸರ್ಕಾರಿ ಮಿಡಲ್ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ಒಂದು ದಿನ ಹೆಡ್‌ಮಾಸ್ತರರು ನನ್ನನ್ನು ಕರೆದು ಒಂದು ಕಾಗದ ಕೊಟ್ಟರು. ಹಳೆಯ ಶಿಲ್ಪಗಳನ್ನು ನೋಡಿಕೊಳ್ಳುವ ಇಲಾಖೆಯ ಅಧಿಕಾರಿಯೊಬ್ಬರು ಹೈದರಾಬಾದಿನಿಂದ ಬರುತ್ತಾರೆ. ದೇವದುರ್ಗ ತಾಲೂಕಿನ ಒಂದು ಗುಡಿಯ ಗೋಡೆಯನ್ನು ನೋಡುತ್ತಾರೆ. ಉರ್ದು, ಇಂಗ್ಲಿಷ್, ಕನ್ನಡ ಮೂರೂ ಬಲ್ಲ ನೌಕರನೊಬ್ಬನು ಜೊತೆಗಿರಬೇಕು. ಕಲ್ಲುಗಳು ಸರಿಯಾದ ಕ್ರಮದಲ್ಲಿ ಇಲ್ಲದಿದ್ದರೆ ಅವನ್ನು ಬಿಚ್ಚಿಸಿ ರಾಜಧಾನಿಯ ಸಂಗ್ರಹಾಲಯಕ್ಕೆ ಸಾಗಿಸಲಾಗುವುದು ಎಂದೂ ಅದರಲ್ಲಿ ಇತ್ತು. ಗುಡಿ ನಮ್ಮ ಊರಿನದು.

“ನಿಮ್ಮ ಊರ ಅಲ್ಲೇನ್ರಿ ಅದು?” ಎಂದರು ಹೆಡ್‌ಮಾಸ್ತರರು. “ನಸೀಬ ತೆರೀತು ಬಿಡ್ರಿ. ಸಾಹೇಬ್ರ ಕಣ್ಣಿಗೆ ಬಿದ್ರ ರಾಯಚೂರಿಗಿ ಬದಲಿ ಆದೀತು. ಶೇರ್ವಾನಿ ಅದನೋ ಇಲ್ಲೋ?”

ಶೇರ್ವಾನಿ ಇರಲಿಲ್ಲ. ಅವರದನ್ನೇ ಕೊಟ್ಟರು. ಅದು ನನಗೆ ಹೆಗಲಿನಲ್ಲಿ ಬಿಗಿ, ಸೊಂಟದಲ್ಲಿ ಸಡಿಲ.

ರಾಯಚೂರಿನ ಸ್ಟೇಶನ್ನಿನಲ್ಲಿ ಅಧಿಕಾರಿಯನ್ನು ಎದುರುಗೊಂಡೆ. ನಡುವಯಸ್ಸಿನ, ಮೃದುಮಾತಿನ ಮನುಷ್ಯ. ಕೈಯಲ್ಲೊಂದು ಭೂತಗನ್ನಡಿ, ಬಗಲಲ್ಲಿ ಚರ್ಮದ ಚೀಲ. ಪೆಟ್ರೋಲಿನ ಅಭಾವದಿಂದ ಆಗ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಏರು ಬಂದಲ್ಲೆಲ್ಲ ನಾವು ಇಳಿದು ನಡೆದೆವು. ದಾರಿಯುದ್ದಕ್ಕೂ ಅವರು ಊರಿನ ಬಗ್ಗೆ ಕೇಳಿದರು, ನಾನು ಉತ್ತರಿಸಿದೆ. ಅದು ನನ್ನ ಊರೆಂದು ಹೇಳಿದೆ. ಆ ಗೋಡೆ ನನ್ನ ಅಪ್ಪ ಕಟ್ಟಿದ್ದೆಂದು ಹೇಳಲು ಎರಡು ಸಲ ವಾಕ್ಯ ಜೋಡಿಸಿಕೊಂಡೆ. ಎರಡು ಸಲವೂ ಆಡಲಿಲ್ಲ. ಅಧಿಕಾರಿ ದೇವದುರ್ಗದ ಮುಸಾಫಿರ ಬಂಗಲೆಯಲ್ಲಿ ಉಳಿದರು. ನಾನು ಬಂಡಿ ಹಿಡಿದು ಸಂಜೆಗೆ ಊರು ಸೇರಿದೆ.

ಸುದ್ದಿ ನನಗಿಂತ ಮೊದಲೇ ಬಂದಿತ್ತು. ಅಪ್ಪ ಹೊಸ ರುಮಾಲನ್ನು ಒಗೆದು ಬೇಲಿಗೆ ಹಾಕಿದ್ದ. ಅವ್ವ ನನ್ನ ಶೇರ್ವಾನಿಯನ್ನು ಮೇಲಿಂದ ಕೆಳಗೆ ನೋಡಿದಳು.

“ಇದೇನೋ ಇಷ್ಟು ಗುಂಡಿ! ಬಿ.ಎ. ಓದಿದಾವ ಅಂದ್ರ ಹಾಕ್ಕೊಳ್ಳೋದರಾಗ ಅರ್ಧಾ ದಿನ, ಬಿಚ್ಚೋದರಾಗ ಅರ್ಧಾ ದಿನ.”

“ಸುಮ್ಮಕಿರಬೇ,” ಎಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, “ಗೌಡ್ರು ಗೋಡಿಗಿ ಸುಣ್ಣಾ ಹೊಡಸ್ತೀನಿ ಅಂದಿದ್ರು. ಬ್ಯಾಡ್ರಿ ಅಂತ ಕಾಲು ಹಿಡದೀನಿ. ನಾಳಿ ಸಾಹೇಬ್ರಿಗಿ ಕತಿ ನಾನ ಹೇಳ್ತೀನಿ. ನೀ ಅವರ ಮಾತಿನಾಗ ತಿರುವಿ ಹೇಳು. ಒಂದು ಅಕ್ಷರಾ ಬಿಡಬ್ಯಾಡ,” ಎಂದ.

“ಆಗಲಿ ಯಪ್ಪಾ,” ಎಂದೆ. ಆ ಹೊತ್ತಿನಲ್ಲಾದರೂ ನಿಜ ಹೇಳಬಹುದಾಗಿತ್ತು. ರುಮಾಲು ಒಣಗಿದೆಯೇ ಎಂದು ಅಪ್ಪ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ. ನನ್ನಿಂದಾಗಲಿಲ್ಲ.

ಮರುದಿನ ಬೆಳಿಗ್ಗೆ ಅಧಿಕಾರಿ ಬಂದರು. ಗೌಡರು ಮುಂದೆ, ಕೇರಿಯವರು ಗೋಡೆಯಿಂದ ಹತ್ತು ಮಾರು ಹಿಂದೆ. ಅಪ್ಪ ನೈಋತ್ಯ ಮೂಲೆಯಲ್ಲಿ, ಗುಡ್ಡದ ಕಲ್ಲಿನ ಪಕ್ಕದಲ್ಲಿ ನಿಂತಿದ್ದ.

“ಏ ಮುದಕಾ, ಸರೀ ಅತ್ಲಾಗ,” ಎಂದರು ಗೌಡರು. “ಸಾಹೇಬ್ರು ಕಲ್ಲು ನೋಡಾಕ ಬಂದಾರೋ, ನಿನ್ನ ರುಮಾಲು ನೋಡಾಕ ಬಂದಾರೋ?”

ಕೆಲವರು ನಕ್ಕರು. ಅಧಿಕಾರಿ ಕೈಯೆತ್ತಿ, ಇರಲಿ, ಅವನು ಏನೋ ಹೇಳಬೇಕೆಂದಿರುವಂತಿದೆ ಎಂದರು. ಅಪ್ಪ ಗುಡ್ಡದ ಮೇಲೆ ಅಂಗೈ ಇಟ್ಟು ಪ್ರಾರಂಭಿಸಿದ.

“ಒಬ್ಬ ದೊಡ್ಡ ಮನಿಶಾ ಸತ್ತ್ರೀ ಸಾಹೇಬ್ರ...”

ನನ್ನ ಕಿವಿಯಲ್ಲಿ ಆ ಹಳೆಯ ತರಗತಿಯ ನಗೆ ಎದ್ದಿತು. ನಾನು ಅಧಿಕಾರಿಯ ಕಡೆ ತಿರುಗಿ ಶುದ್ಧವಾದ ಉರ್ದುವಿನಲ್ಲಿ, ಕತೆ ಆ ತುದಿಯ ಕಲ್ಲಿನಿಂದ ಪ್ರಾರಂಭವಾಗುತ್ತದೆ, ಮಹಾತ್ಮನ ಪೈದಾಯಿಷ್ ಅಲ್ಲಿದೆ ಎಂದು ಇವನು ಹೇಳುತ್ತಿದ್ದಾನೆ, ಎಂದೆ. ಅಪ್ಪ ಗಾಲಿಗೆ ಬಂದ. ನಾನು, ಆಮೇಲೆ ರಾಜಕುಮಾರನು ಕುದುರೆ ಏರಿ ಹೊರಟನು, ಎಂದೆ. ಅಪ್ಪ ಕಟ್ಟೆಯ ಪಾದಗಳನ್ನು ತೋರಿಸಿ, “ಎದ್ದು ಹೋಗ್ಯಾನ್ರಿ,” ಎಂದ. ನಾನು ಜ್ಞಾನೋದಯದ ವಿಷಯ ಹೇಳಿದೆ.

ಕುದುರೆಯ ಕಲ್ಲಿಗೆ ಬಂದ ಅಪ್ಪ ಕತೆ ನಿಲ್ಲಿಸಿದ. ನನ್ನ ಮುಖವನ್ನು ನೋಡಿದ.

ನಾನು ಒಂದು ಸಂಗತಿಯನ್ನು ಮರೆತಿದ್ದೆ. ಅಪ್ಪನಿಗೆ ಉರ್ದು ಓದಲು ಬರುತ್ತಿರಲಿಲ್ಲ. ಆದರೆ ಗುತ್ತೇದಾರರ ಕೈಯಲ್ಲಿ ಇಡೀ ಆಯುಷ್ಯ ದುಡಿದವನಿಗೆ ದಖನಿ, ಅಂದರೆ ನಮ್ಮ ಸೀಮೆಯ ಆಡುಮಾತಿನ ಉರ್ದು, ಕಿವಿಗೆ ಪರಕೀಯವಲ್ಲ. ‘ಪೈದಾ’ ಎಂದರೇನು, ‘ಮೌತ್’ ಎಂದರೇನು ಎಂಬುದು ನಮ್ಮ ಸೀಮೆಯಲ್ಲಿ ಯಾರಿಗೆ ತಿಳಿಯದು? ತಾನು ಸಾವನ್ನು ಮುಟ್ಟಿ ನಿಂತಾಗ ಮಗನು ಹುಟ್ಟು ಎಂದದ್ದನ್ನು ಅವನು ಮೊದಲ ಕಲ್ಲಿನಲ್ಲಿಯೇ ಕೇಳಿಸಿಕೊಂಡಿದ್ದ. ಆದರೂ ಮೂರು ಕಲ್ಲುಗಳವರೆಗೆ ತಡೆದುಕೊಂಡಿದ್ದ.

ಅಧಿಕಾರಿ ಭೂತಗನ್ನಡಿ ಹಿಡಿದು ಐದೂ ಕಲ್ಲುಗಳನ್ನು ನೋಡಿದರು. ಕ್ರಮ ಹಿಂದುಮುಂದಾಗಿರುವುದು ಅವರಿಗೆ ಆ ಕ್ಷಣವೇ ತಿಳಿಯಿತು. “ಇವನ್ನು ಹೀಗೆ ಕೂಡಿಸಿದವರು ಯಾರು?” ಎಂದು ನನ್ನನ್ನು ಕೇಳಿದರು.

“ಹಿಂದೆ ಯಾರೋ ಕೂಲಿಯವರು, ಜನಾಬ್,” ಎಂದೆ.

ಈ ವಾಕ್ಯವನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬಿಟ್ಟರೆ ಉಳಿದದ್ದನ್ನೆಲ್ಲ ಬರೆದು ಪ್ರಯೋಜನವಿಲ್ಲ. ಅಪ್ಪ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದ. ಕೇರಿಯವರಲ್ಲಿ ದಖನಿ ತಿಳಿಯದವರು ಯಾರೂ ಇರಲಿಲ್ಲ.

ಅಪ್ಪ ರುಮಾಲನ್ನು ತೆಗೆದು ಕೈಯಲ್ಲಿ ಹಿಡಿದು ಅಧಿಕಾರಿಯ ಮುಂದೆ ಬಂದ.

“ಮೈ ಲಗಾಯಾ ಸಾಬ್,” ಎಂದ. ನಾನು ಕೂಡಿಸಿದವನು. “ಯೇ ಹಾಥ್ ಸೆ.” ಎರಡೂ ಅಂಗೈಗಳನ್ನು ಒಡ್ಡಿದ. ಗೊರಸಿನ ಕೆಳಗಿನ ಕುಳ್ಳರು ಒಡ್ಡಿದ ಹಾಗೆಯೇ.

ಅಧಿಕಾರಿ ಅವನನ್ನು ನೋಡಿದರು, ನನ್ನನ್ನು ನೋಡಿದರು. ನಮ್ಮಿಬ್ಬರ ಮುಖದ ಹೋಲಿಕೆ ಎಂಥವರಿಗೂ ಕಾಣುವಂಥದು. ಅವರು ಗೋಡೆಯ ಹತ್ತಿರ ಹೋಗಿ ಕಲ್ಲುಗಳ ಸಂದಿಗೆ ಉಗುರು ಹಾಕಿ ನೋಡಿದರು. ಉಗುರು ಹೋಗಲಿಲ್ಲ. ಉಳಿದ ಗೋಡೆಗೆಲ್ಲ ಗಚ್ಚು ಇದೆ, ಈ ಐದು ಕಲ್ಲುಗಳ ನಡುವೆ ಮಾತ್ರ ಏಕೆ ಇಲ್ಲ, ಕೇಳಿ, ಎಂದು ನನಗೆ ಹೇಳಿದರು.

ನಾನು ಕೇಳಿದೆ. ಅಪ್ಪ ನನಗಲ್ಲ, ಕಲ್ಲಿಗೆ ಹೇಳುವವನಂತೆ ಹೇಳಿದ.

“ಆ ಸುಣ್ಣ ಎಲ್ಲಿಂದು? ಇವುಗಳ ಅಣ್ಣ ತಮ್ಮರನ್ನ ಸುಟ್ಟಿದ್ದು. ಸುಟ್ಟಿದ್ದನ್ನ ತಂದು ಇವುಗಳ ಬಾಯಾಗ ಹೆಂಗ ಇಡ್ಲಿ? ಅದಕ್ಕ ಸಂದಿನ ಸಂದಿಗಿ ತೀಡಿ ಕೂಡಿಸೀನಿ. ಒಂದೊಂದು ಕಲ್ಲಿಗಿ ಎಂಟೆಂಟು ದಿನಾ ಹಿಡದಾವ.”

ಇದನ್ನು ನಾನು ಪದದಿಂದ ಪದಕ್ಕೆ ಉರ್ದುವಿಗೆ ತಿರುಗಿಸಿದೆ. ಈ ಸಲ ಮನಸ್ಸಿನಲ್ಲಿ ತಿದ್ದಲು ಹೋಗಲಿಲ್ಲ. ವ್ಯಾಕರಣ ಎಲ್ಲಿ ತಪ್ಪಿತೋ ತಿಳಿಯದು. ಕೊನೆಗೆ, “ಇವರು ನನ್ನ ತಂದೆ,” ಎಂದೂ ಸೇರಿಸಿದೆ. ತಡವಾಗಿ ಆಡಿದ ಮಾತು. ಅಪ್ಪ ಅದನ್ನು ಕೇಳಿಸಿಕೊಂಡನೆಂಬ ಗುರುತು ಅವನ ಮುಖದಲ್ಲಿ ಕಾಣಲಿಲ್ಲ.

ಅಧಿಕಾರಿ ಭಟ್ಟಿಗೆ ಹೋದ ಕಲ್ಲುಗಳೆಷ್ಟೋ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಬಂಡಿಯ ಹತ್ತಿರ ನನ್ನನ್ನು ಬದಿಗೆ ಕರೆದರು. ಕ್ರಮ ತಪ್ಪಿರುವುದು ನಿಜ. ಗಚ್ಚಿಲ್ಲದಿರುವುದರಿಂದ ಬಿಚ್ಚುವುದೂ ಸುಲಭ. ಕಾಗದದ ಪ್ರಕಾರ ಬಿಚ್ಚಿಸಬೇಕು ಎಂದರು. “ವರದಿಯ ಕರಡನ್ನು ನೀವೇ ಬರೆಯಿರಿ. ಇಲ್ಲಿಯೇ ಇರಬೇಕೆಂದರೆ ಅದಕ್ಕೆ ಕಾರಣ ಬೇಕು. ರಾಯಚೂರಿನಲ್ಲಿ ರೈಲು ಹತ್ತುವ ಮೊದಲು ನನಗೆ ಕೊಡಿ,” ಎಂದು ಹೊರಟುಹೋದರು.

ಅಂದರೆ ಅಪ್ಪನ ಗೋಡೆ ನಿಲ್ಲುವುದೂ ಬೀಳುವುದೂ ನನ್ನ ಬರಹಕ್ಕೆ ಬಂದಿತ್ತು.

ಮಧ್ಯಾಹ್ನ ಅಪ್ಪ ಊಟಕ್ಕೆ ಬರಲಿಲ್ಲ. ಅವ್ವ ರೊಟ್ಟಿ ಕಟ್ಟಿಕೊಟ್ಟಳು. ಈ ಸಲ ಗುಂಡಿಗಳ ತಮಾಷೆ ಮಾಡಲಿಲ್ಲ. “ಹೋಗು. ನೀ ಕೊಟ್ರ ಉಣ್ಣತಾನ, ಇಲ್ಲಂದ್ರ ಇಲ್ಲ,” ಎಂದಳು.

ಅಪ್ಪ ಗೋಡೆಯ ಎದುರಿಗೆ ನೆಲದ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಗೋಡೆಯ ನೇರ ನೋಡುವ ತೂಗುಗುಂಡು. ನಾನು ಶೇರ್ವಾನಿ ಬಿಚ್ಚಿ ಮನೆಯಲ್ಲಿಟ್ಟು ಬಂದಿದ್ದೆ. ಬುತ್ತಿ ಮುಂದಿಟ್ಟು ನಿಂತೆ.

“ಕುಂದರು,” ಎಂದ. “ಕೂಲಿ ಅಂದಿ. ಅದು ಖರೇನ ಅದ. ಕೂಲೀನ ಮಾಡೀನಿ. ಆದ್ರ ‘ಯಾರೋ’ ಅಂದ್ಯಲ್ಲ.”

ನಾನು ಪಕ್ಕದಲ್ಲಿ ಕುಳಿತೆ. ಅವನೇ ಮುಂದೆ ಕೇಳಿದ. “ಕತಿ ತಪ್ಪೇನು?”

“ಕತಿ ತಪ್ಪಲ್ಲ ಯಪ್ಪಾ. ಕಲ್ಲಿನ ಸಾಲು ತಿರುಗಾಮುರುಗಾ ಆಗ್ಯಾದ.”

“ಎಷ್ಟು ದಿನಾತು ನಿನಗ ತಿಳಿದು?”

“ಐದು ವರ್ಷ.”

ಅಪ್ಪ ತಲೆಯಾಡಿಸಿದ. “ಸರೀದು ಹೇಳು,” ಎಂದ.

ಹೇಳಿದೆ. ತಾಯಿ ಟೊಂಗೆ ಹಿಡಿದು ನಿಂತಿರುವಾಗ ಮಗು ಹುಟ್ಟಿದ್ದು. ಆ ಮಗು ಬೆಳೆದು, ಒಬ್ಬ ಮುದುಕನನ್ನು, ಒಬ್ಬ ರೋಗಿಯನ್ನು, ಒಂದು ಹೆಣವನ್ನು ಕಂಡು, ಹೆಂಡತಿ ಮಗನನ್ನು ಬಿಟ್ಟು ಕುದುರೆ ಏರಿ ಹೋದದ್ದು. ಮರದ ಕೆಳಗೆ ಕುಳಿತು ದುಃಖದ ಮೂಲವನ್ನು ತಿಳಿದದ್ದು. ತಿಳಿದದ್ದನ್ನು ಊರೂರಿಗೆ ಹೇಳಿದ್ದು, ಅದೇ ಗಾಲಿ. ಕೊನೆಗೆ ಎರಡು ಮರಗಳ ನಡುವೆ ಮಲಗಿ ಪ್ರಾಣ ಬಿಟ್ಟದ್ದು. ಜನರು ಅವನ ಎಲುಬಿನ ಮೇಲೆ ಗುಡ್ಡ ಕಟ್ಟಿದ್ದು. ಕುದುರೆಯ ಗೊರಸುಗಳ ಸಂಗತಿ ಪುಸ್ತಕದಲ್ಲಿಯೂ ನೀನು ಹೇಳಿದಂತೆಯೇ ಇದೆ ಎಂದೂ ಹೇಳಿದೆ.

“ಹಾಂಗಿದ್ರ ಗಿಡ್ಡರ ಕತಿ ಖರೇನ ಅದ,” ಎಂದು ಅಪ್ಪ ಸ್ವಲ್ಪ ನಕ್ಕ. ಮತ್ತೆ ಗಂಭೀರನಾದ. “ಕಡೀಗಿ ಸತ್ತನಾ?”

“ಹೌದು.”

“ಅದು ಎಲ್ಲಾರದೂ ಕತಿ ಆತಲ್ಲೋ. ನಾ ಅವನು ಹೊಳ್ಳಿ ಅವ್ವನ ಹಂತ್ಯಾಕ ಹೋದ ಅಂತ ತಿಳಕೊಂಡಿದ್ದೆ.”

ಬುತ್ತಿ ಬಿಚ್ಚಿ ಒಂದು ತುತ್ತು ಮುರಿದ; ಬಾಯಿಗೆ ಇಡಲಿಲ್ಲ. “ತಪ್ಪು ಕಟ್ಟಿದ್ದನ್ನ ಬಿಚ್ಚಿ ಕಟ್ಟೋದು ನಮ್ಮ ಕಸುಬಿನಾಗ ಅವಮಾನಲ್ಲ. ನನಗ ಐದು ವರ್ಷದ ಹಿಂದ ಹೇಳಿದ್ರ ಐದು ವರ್ಷದ ಹಿಂದ ಬಿಚ್ಚತಿದ್ದೆ. ಮುಂಜಾನಿಂದ ಅದನ್ನ ನೋಡಾಕತ್ತೀನಿ. ಆಗೂದಿಲ್ಲ. ಮೂಲೀ ಕಲ್ಲು ಪೌಳಿ ಎಲ್ಲಾ ಹೊತ್ತದ. ಅದನ್ನ ಎಳದ್ರ ಎರಡೂ ಗೋಡಿ ಕೂತು ಹೋಗ್ತಾವ. ಅವ್ವನ ಕಲ್ಲು ತಂದು ಅಲ್ಲಿ ಇಟ್ರ ಆಕಿ ತಡಿಯೂದಿಲ್ಲ, ನಾಕು ಬೆರಳು ದಪ್ಪ ಇಲ್ಲ ಆಕಿ.”

ಅಪ್ಪ ಮನೆಗೆ ಬಾರದ್ದನ್ನು ಕಂಡು ಅವ್ವ ಹಿಂದಿನಿಂದ ನೀರಿನ ತಂಬಿಗೆ ಹಿಡಿದು ಬಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಕಲ್ಲು ಯಾಕ ಸರಸ್ತಿ? ಜನಾ ಸರಸು. ಆ ತುದೀಲಿಂದ ಈ ತುದೀಗಿ ನಡದ್ರ ಕತಿ ಸರಿ ಆಗೂದಿಲ್ಲೇನು?” ಎಂದವಳು ತನ್ನ ಮಾತಿಗೆ ತಾನೇ ಬೆಚ್ಚಿ ನಾಲಿಗೆ ಕಚ್ಚಿಕೊಂಡಳು. “ಯವ್ವಾ, ಅದು ಹೆಣದ ಹಾದಿ.”

“ಹಾಂಗಿದ್ರ ನನ್ನ ಹೊತಗೊಂಡು ಹೋಗುವಾಗ ನೋಡೋಣು ಬಿಡು,” ಎಂದು ಅಪ್ಪ ತುತ್ತನ್ನು ಬಾಯಿಗಿಟ್ಟ.

ಮಾನ್ವಿಗೆ ಮರಳುವ ಮೊದಲು ದೇವದುರ್ಗದ ಮುಸಾಫಿರ ಬಂಗಲೆಯ ಜಗಲಿಯಲ್ಲಿ ಕುಳಿತು ವರದಿಯ ಕರಡು ಬರೆದೆ. ಇಂಗ್ಲಿಷಿನಲ್ಲಿ, ಮೂರು ಪುಟ. ಐದು ಶಿಲ್ಪಗಳ ವಿವರ ಬರೆದೆ. ಅವು ಬುದ್ಧನ ಜೀವನದ ಕ್ರಮಕ್ಕೆ ವಿರುದ್ಧವಾಗಿ ಇವೆ ಎಂಬುದನ್ನು ಮುಚ್ಚಿಡಲಿಲ್ಲ. ಭಾರದ ನಿಯಮಕ್ಕನುಸಾರವಾಗಿ ಕೂಡಿಸಿರುವುದರಿಂದ ಮೂಲೆಯ ಕಲ್ಲನ್ನು ತೆಗೆದರೆ ಪೌಳಿ ಕುಸಿಯುವುದೆಂದು ಅಪ್ಪ ಹೇಳಿದ್ದನ್ನು ಬರೆದೆ. ಆಮೇಲೆ, ಈ ಕಲ್ಲುಗಳು ಸುಣ್ಣವಾಗದೆ ಉಳಿದದ್ದು ಒಬ್ಬ ಮನುಷ್ಯನಿಂದ ಎಂದು ಬರೆದು ಅಪ್ಪನ ಪೂರ್ಣ ಹೆಸರು, ಅವನ ತಂದೆಯ ಹೆಸರು, ಕಸುಬು, ಊರು ಎಲ್ಲವನ್ನೂ ಬರೆದೆ. ಅಪ್ಪನ ಹೆಸರು ಸರ್ಕಾರದ ಕಾಗದದಲ್ಲಿ ಹೆಬ್ಬೆಟ್ಟಿನ ಗುರುತಿಲ್ಲದೆ ಬಂದದ್ದು ಅದೇ ಮೊದಲು. ಕೊನೆಯ ಸಾಲಿನಲ್ಲಿ, ಬರೆದವನು ಆತನ ಮಗ ಎಂದು ಸೇರಿಸಿದೆ. ಅದು ವರದಿಯ ರೀತಿಗೆ ಸಲ್ಲುವ ಮಾತಲ್ಲವೆಂದು ಗೊತ್ತಿತ್ತು.

ರಾಯಚೂರಿನ ಸ್ಟೇಶನ್ನಿನಲ್ಲಿ ಅಧಿಕಾರಿ ಬೆಂಚಿನ ಮೇಲೆ ಕುಳಿತು ಓದಿದರು. ನಾನು ಎದುರಿಗೆ ನಿಂತಿದ್ದೆ. ಎರಡು ಕಡೆ ಕಾಗುಣಿತ ತಿದ್ದಿದರು. ಕೊನೆಯ ಸಾಲಿನ ಮೇಲೆ ಪೆನ್ನು ಹಿಡಿದು ತುಸು ಹೊತ್ತು ತಡೆದರು. ಅದನ್ನು ಹೊಡೆದುಹಾಕಲಿಲ್ಲ. ಕೆಳಗೆ ಸಹಿ ಮಾಡಿ, ನನ್ನ ಕೈ ಕುಲುಕಿ ರೈಲು ಹತ್ತಿದರು.

ಕಲ್ಲುಗಳನ್ನು ಒಯ್ಯಲು ಯಾರೂ ಬರಲಿಲ್ಲ. ನನಗೆ ರಾಯಚೂರಿಗೆ ಬದಲಿಯೂ ಆಗಲಿಲ್ಲ. ಅಮಾವಾಸ್ಯೆಗೆ ಊರಿಗೆ ಹೋದಾಗ ನಾನು ಮತ್ತೆ ಸುತ್ತು ಹಾಕತೊಡಗಿದೆ. ಅಪ್ಪ ಮಾತ್ರ ಕತೆ ಹೇಳುವುದನ್ನು ಬಿಟ್ಟಿದ್ದ. ಕೇರಿಯವರು ಒತ್ತಾಯ ಮಾಡಿದರೆ, “ಮಾಸ್ತರನ್ನ ಕೇಳ್ರಿ,” ಎನ್ನುತ್ತಿದ್ದ. ನನ್ನನ್ನು ಅವರು ಕೇಳಲಿಲ್ಲ. ಹೆಣ್ಣುಮಕ್ಕಳು ಮೊದಲಿನಂತೆ ಕೊನೆಯ ಕಲ್ಲಿಗೆ ಅರಿಸಿನ ಹಚ್ಚಿ ಹೋಗುತ್ತಿದ್ದರು. ಅಪ್ಪನ ಬಾಯಿಂದ ಆ ಕತೆಯನ್ನು ಕಸಿದುಕೊಂಡದ್ದು ನನ್ನ ವಿದ್ಯೆಯೋ ನನ್ನ ಭಯವೋ ಎಂಬುದನ್ನು ನಾನು ಇಂದಿಗೂ ತೀರ್ಮಾನಿಸಿಲ್ಲ.

ಆ ದಶಕ ಮುಗಿಯುವ ಮೊದಲು ಅಪ್ಪ ತೀರಿಕೊಂಡ. ಸುದ್ದಿ ಮಾನ್ವಿಗೆ ಮುಟ್ಟಿ ನಾನು ಊರು ಸೇರುವಷ್ಟರಲ್ಲಿ ಸಿದಿಗೆ ಕಟ್ಟಿ ಕಾಯುತ್ತಿದ್ದರು. ಎಡಗಡೆಯ ಮುಂದಿನ ಹೆಗಲು ನನ್ನದಾಯಿತು. ಹಲಗೆ ಬಾರಿಸುವವರು ಮುಂದೆ ನಡೆದರು. ಕೇರಿ ದಾಟಿ, ಪೌಳಿಯ ಹಿಂಗೋಡೆಗುಂಟ, ಗುಡಿಯನ್ನು ಎಡಕ್ಕೆ ಬಿಟ್ಟು ದಕ್ಷಿಣಕ್ಕೆ ತಿರುಗಿದೆವು.

ಆ ಗೋಡೆಯನ್ನು ನಾನು ಆ ದಿಕ್ಕಿನಿಂದ ಹಾದದ್ದು ಅದೇ ಮೊದಲ ಸಲ. ಗೋಡೆ ನನ್ನ ಎಡ ಮೊಣಕೈಗೆ ತಾಗುವಷ್ಟು ಹತ್ತಿರ ಇತ್ತು. ಮೊದಲು ಅರಿಸಿನ ಬಳಿದ ತಾಯಿ ಬಂದಳು. ಆಮೇಲೆ ಕುದುರೆ, ಅಂಗೈ ಒಡ್ಡಿದ ಕುಳ್ಳರು. ಬರಿದಾದ ಕಟ್ಟೆ, ಎರಡು ಪಾದ. ಗಾಲಿ. ಹೆಗಲ ಮೇಲೆ ಅಪ್ಪನ ಭಾರವಿತ್ತು. ಕಲ್ಲುಗಳು ಒಂದರ ಹಿಂದೆ ಒಂದರಂತೆ ತಮ್ಮ ಸರಿಯಾದ ಕ್ರಮದಲ್ಲಿ ಹಾದುಹೋದವು.

ಅರ್ಧ ದಾರಿಯಲ್ಲಿ ಸಿದಿಗೆಯನ್ನು ಒಮ್ಮೆ ಇಳಿಸಿ ಹೆಗಲು ಬದಲಿಸುವುದು ನಮ್ಮಲ್ಲಿ ಪದ್ಧತಿ. ನೈಋತ್ಯ ಮೂಲೆಯಲ್ಲಿ, ಗುಡ್ಡದ ಕಲ್ಲಿನ ಬುಡದಲ್ಲಿ ಇಳಿಸಿದರು. ಮಾನ್ವಿ ಕಡೆಯಿಂದ ಬಂದಿದ್ದ ದೂರದ ನೆಂಟನೊಬ್ಬ ಬೆವರು ಒರೆಸಿಕೊಳ್ಳುತ್ತ ಗೋಡೆಯನ್ನು ನೋಡಿದ. ಸಂದಿನ ಮೇಲೆ ಬೆರಳಾಡಿಸಿದ. ಅವನೂ ಕಲ್ಲು ಕೆಲಸದವನೇ.

“ಸುಣ್ಣಿಲ್ಲದ ಎಷ್ಟು ಚಂದ ಕುಂತಾವಲ್ಲೋ,” ಎಂದ. “ಯಾರು ಕೂಡಿಸ್ಯಾರ ಇವನ್ನ?”

“ನಮ್ಮಪ್ಪ,” ಎಂದೆ.

ಅವನು ಬೆರಳನ್ನು ಗೋಡೆಯಿಂದ ತೆಗೆದು, ಸಿದಿಗೆಯ ಮೇಲಿದ್ದ ಕೈಗಳನ್ನು ನೋಡಿದ. ಆಮೇಲೆ ನನ್ನ ಹೆಗಲಿನ ಜಾಗಕ್ಕೆ ಬಂದು ಬಗ್ಗಿದ. ನಾನು ಬಲಗಡೆಗೆ ಸರಿದೆ. ನಾವು ಅಪ್ಪನನ್ನು ಎತ್ತಿಕೊಂಡೆವು.